ಶಿಸ್ತು ಹೇಡಿತನವೇ?

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಲ್ಲಿ ನಾಲ್ವರು ಕನ್ನಡಿಗರು ಕೂಡಿದ ಕಡೆಯಲ್ಲೆಲ್ಲ ಒಂದು ಮಾತು ಬಲವಾಗಿ ಕೇಳಿಬರುತ್ತಿದೆ. ಉಪಾಧ್ಯಾಯರ ನೇಮಕದ ವಿಷಯ ಬರಲಿ, ಪಠ್ಯಪುಸ್ತಕದ ವಿಷಯ ಬರಲಿ, ಮಾತು ಕೊನೆಗೆ ಮುಟ್ಟುವುದು ಅಲ್ಲಿಗೇ: "ಮನವಿಗಳಿಂದ ಏನೂ ಆಗದು. ಒಂದು ದಿನ ರಸ್ತೆ ತಡೆದು ನಾಲ್ಕು ಕಲ್ಲು ಬೀಸಿದರೆ ಸರಕಾರಕ್ಕೆ ಕಿವಿ ಬರುತ್ತದೆ. ಪೋಲೀಸರ ಮುಂದೆ ಕೈಕಟ್ಟಿ ಕುಳಿತುಕೊಳ್ಳುವುದು ಹೇಡಿಗಳ ಲಕ್ಷಣ." ಹೀಗೆ ಆಡುವವರು ನಮ್ಮವರೇ. ಕನ್ನಡದ ಮೇಲೆ ಅವರಿಗಿರುವ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಸಂಶಯಿಸುವುದು ಅವರ ಲೆಕ್ಕವನ್ನು. ಆ ಲೆಕ್ಕ ತಪ್ಪೆಂದು ತೋರಿಸುವುದಕ್ಕಾಗಿಯೇ ಈ ಬರಹ. ತಪ್ಪು ಲೆಕ್ಕದ ಬೆಲೆಯನ್ನು ತೆರಬೇಕಾದವರು ಭಾಷಣಕಾರರಲ್ಲ, ನಮ್ಮ ತರಗತಿಗಳ ಬೆಂಚಿನ ಮೇಲೆ ಕುಳಿತ ಮಕ್ಕಳು. ಆದಕಾರಣ ಅಧ್ಯಾಪಕ ಬಂಧುಗಳು ಇದನ್ನು ಕೊಂಚ ಸಾವಧಾನದಿಂದ ಓದಬೇಕೆಂದು ಪ್ರಾರ್ಥನೆ.

ಮೊದಲು ನಾವು ಎಲ್ಲಿ ನಿಂತಿದ್ದೇವೆಂಬುದನ್ನು ನೋಡಿಕೊಳ್ಳೋಣ. 1956ರ ರಾಜ್ಯ ಪುನರ್ವಿಂಗಡಣೆಯ ಶಾಸನವು ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳನ್ನೂ, ಬೀದರ ಜಿಲ್ಲೆಯಿಂದ ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದು ತಾಲ್ಲೂಕು, ನ್ಯಾಲಕಲ್ ವೃತ್ತ, ನಾರಾಯಣಖೇಡ ತಾಲ್ಲೂಕುಗಳನ್ನೂ ಆಂಧ್ರಪ್ರದೇಶಕ್ಕೆ ಸೇರಿಸಿತು. ಬೀದರು, ಗುಲಬರ್ಗಾಗಳು ಮೈಸೂರಿಗೆ ಹೋದವು; ನಾವು ಇತ್ತ ಉಳಿದೆವು. ಅದೇ ನವೆಂಬರ್ 1ರಂದು ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿ 350-ಎ ಎಂಬ ವಿಧಿಯನ್ನು ನಮ್ಮ ಕೈಗಿತ್ತಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಿಲ್ಲೆಗಳು ಒಡೆದು ಜಹೀರಾಬಾದು ನಾರಾಯಣಖೇಡಗಳಿಗೆ ಸಂಗಾರೆಡ್ಡಿಯೂ ತಾಂಡೂರಿಗೆ ವಿಕಾರಾಬಾದೂ ಜಿಲ್ಲಾಸ್ಥಾನವಾದವು. ಮನೆ ಬದಲಾಯಿತು, ಯಜಮಾನರು ಬದಲಾದರು, 350-ಎ ಬದಲಾಗಲಿಲ್ಲ. ನಾವು ಕೇಳುತ್ತಿರುವುದು ಗಡಿಯನ್ನಲ್ಲ, ಬರೆದುಕೊಟ್ಟ ಮಾತನ್ನು. ಈ ಭೇದವನ್ನು ನೆನಪಿನಲ್ಲಿಟ್ಟರೆ ಮುಂದಿನದು ಸುಲಭವಾಗುತ್ತದೆ.

ಕಲ್ಲಿನ ಪಕ್ಷದವರ ಬಲವಾದ ವಾದವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. "ಪೊಟ್ಟಿ ಶ್ರೀರಾಮುಲು 1952ರ ಅಕ್ಟೋಬರ್ 19ರಿಂದ ಉಪವಾಸ ಕುಳಿತಾಗ ದಿಲ್ಲಿ ಅಲುಗಲಿಲ್ಲ, ಡಿಸೆಂಬರ್ 15ರಂದು ಅವರು ತೀರಿಕೊಂಡ ಮೇಲೆ ಆಂಧ್ರದ ಊರೂರಿನಲ್ಲಿ ರೈಲುನಿಲ್ದಾಣಗಳಿಗೆ ಬೆಂಕಿ ಬಿದ್ದಿತು, 19ರಂದು ನೆಹರೂ ಆಂಧ್ರ ರಾಜ್ಯವನ್ನು ಘೋಷಿಸಿದರು. ಗೆದ್ದದ್ದು ಉಪವಾಸವೋ ಬೆಂಕಿಯೋ?" ಈ ಪ್ರಶ್ನೆಯನ್ನು ಜಾರಿಸಿ ಹೋಗುವುದು ಪ್ರಾಮಾಣಿಕತನವಲ್ಲ. ಗಲಭೆ ದಿಲ್ಲಿಯ ಕೈಯನ್ನು ಅವಸರಪಡಿಸಿತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಂದನ್ನು ಕೇಳುತ್ತೇನೆ: ಆ ಗಲಭೆ ನಡೆದದ್ದು ಎಲ್ಲಿ? ಆಂಧ್ರರೇ ತುಂಬಿದ್ದ ಜಿಲ್ಲೆಗಳಲ್ಲಿ. ನೆರೆಮನೆಯವನೂ ಅದೇ ಮಾತಿನವನು, ಕಲ್ಲು ತಾಗಿದ ಅಂಗಡಿಯವನೂ ಅದೇ ಪಕ್ಷದವನು. ಬೆಂಗಳೂರಿನ ಗೋಕಾಕ್ ಚಳವಳಿಯ ಉದಾಹರಣೆ ಕೊಡುವವರಿಗೂ ಇದೇ ಉತ್ತರ. 1982ರಲ್ಲಿ ಅಲ್ಲಿ ಬೀದಿಗಿಳಿದವರು ತಮ್ಮದೇ ರಾಜ್ಯದಲ್ಲಿ, ತಮ್ಮದೇ ಸರಕಾರದ ಮುಂದೆ, ತಮ್ಮದೇ ಮತದಾರರ ನಡುವೆ ನಿಂತಿದ್ದರು. ಬಹುಸಂಖ್ಯಾತನ ಸಿಟ್ಟನ್ನು ಸರಕಾರ ಜನಾಭಿಪ್ರಾಯವೆಂದು ಕರೆಯುತ್ತದೆ. ಅಲ್ಪಸಂಖ್ಯಾತನ ಸಿಟ್ಟನ್ನು ಪುಂಡಾಟವೆಂದು ಕರೆಯುತ್ತದೆ. ಇದು ನ್ಯಾಯವಲ್ಲ, ನಿಜ. ಆದರೆ ಇದೇ ವಾಸ್ತವ. ಈ ಮೂರು ಊರುಗಳಲ್ಲಿ ಕನ್ನಡದ ಹೆಸರಿನಲ್ಲಿ ಎಸೆದ ಮೊದಲ ಕಲ್ಲು ತೆಲುಗಿನವನ ಗಾಜಿಗೆ ತಾಗುತ್ತದೆ. ಮರುದಿನ ಅದು ಶಾಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಕನ್ನಡ-ತೆಲುಗು ಜಗಳವಾಗುತ್ತದೆ. ಆ ಜಗಳದಲ್ಲಿ ನಾವು ಎಷ್ಟು ಮಂದಿ, ಅವರು ಎಷ್ಟು ಮಂದಿ? ಅದಲ್ಲದೆ, ನಮಗೆ ತೆಲುಗಿನೊಡನೆ ಜಗಳವೇ ಇಲ್ಲವಲ್ಲ! 2018ರ ಶಾಸನದಂತೆ ತೆಲುಗು ಈ ರಾಜ್ಯದ ಶಾಲೆಗಳಲ್ಲಿ ಕಡ್ಡಾಯ. ನಮ್ಮ ಮಕ್ಕಳು ಅದನ್ನು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಅದರ ಜೊತೆಗೆ ಕನ್ನಡ ಉಳಿಯಬೇಕೆಂಬುದಷ್ಟೇ ನಮ್ಮ ಬೇಡಿಕೆ.

ದೂರದ ಉದಾಹರಣೆ ಬೇಡವೆಂದರೆ ನಮ್ಮ ಕಣ್ಣೆದುರಿಗೇ ನಡೆದುಹೋದ ತೆಲಂಗಾಣ ಚಳವಳಿಯನ್ನು ನೋಡಬಹುದು. 2011ರ ಮಾರ್ಚ್ 10ರಂದು ಹೈದರಾಬಾದಿನ ಟ್ಯಾಂಕ್‌ಬಂಡಿನ ಮೇಲೆ 'ಮಿಲಿಯನ್ ಮಾರ್ಚ್' ನಡೆಯಿತು. ಅಸಂಖ್ಯಾತ ಜನ ಪೋಲೀಸರ ತಡೆಗಳನ್ನು ದಾಟಿ ಅಲ್ಲಿಗೆ ತಲುಪಿದ್ದೇ ಒಂದು ದೊಡ್ಡ ವಿಜಯವಾಗಿತ್ತು. ಆದರೆ ಗುಂಪಿನಲ್ಲಿ ಕೆಲವರು ಕಟ್ಟೆಯ ಮೇಲಿನ ಕವಿಗಳ, ಮಹನೀಯರ ಪ್ರತಿಮೆಗಳನ್ನು ಒಡೆದು ಕೆರೆಗೆ ಉರುಳಿಸಿದರು. ಮರುದಿನ ದೇಶ ಮಾತನಾಡಿದ್ದು ತೆಲಂಗಾಣದ ನೀರು, ನೌಕರಿಗಳ ವಿಷಯವನ್ನಲ್ಲ, ಮುರಿದ ಪ್ರತಿಮೆಗಳ ವಿಷಯವನ್ನು. ಅದೇ ವರ್ಷ ಸೆಪ್ಟೆಂಬರ್ 13ರಿಂದ 42 ದಿವಸ 'ಸಕಲ ಜನುಲ ಸಮ್ಮೆ' ನಡೆಯಿತು. ಸಿಂಗರೇಣಿಯ ಗಣಿಯವರು, ಬಸ್ಸಿನವರು, ಕಚೇರಿಯವರು, ಉಪಾಧ್ಯಾಯರು ಕೆಲಸ ನಿಲ್ಲಿಸಿದರು. ಕಲ್ಲಿದ್ದಲು ಮೇಲಕ್ಕೆ ಬರಲಿಲ್ಲ, ವಿದ್ಯುತ್ತಿಗೆ ಅಭಾವವಾಯಿತು. ಆ ಸಮ್ಮೆಯಿಂದ ಸರಕಾರಕ್ಕೆ ತಟ್ಟಿದ ಬಿಸಿ ಮುರಿದ ಪ್ರತಿಮೆಗಳಿಂದ ತಟ್ಟಲಿಲ್ಲ. ಇನ್ನು 'ವಂಟಾ-ವಾರ್ಪು' ಎಂಬುದನ್ನು ಓದುಗರಲ್ಲಿ ಅನೇಕರು ಕಂಡೇ ಇದ್ದಾರೆ. ನಡುರಸ್ತೆಯಲ್ಲಿ ಒಲೆ ಹೂಡಿ, ಅನ್ನ ಬೇಯಿಸಿ, ಬಂದವರಿಗೆಲ್ಲ ಬಡಿಸುವ ಪ್ರತಿಭಟನೆ ಅದು. ಒಲೆಯ ಮುಂದೆ ಕುಳಿತ ಅಜ್ಜಿಯ ಮೇಲೆ ಲಾಠಿ ಎತ್ತುವುದಕ್ಕೆ ಯಾವ ಪೋಲೀಸನ ಕೈಯಾದರೂ ಅಳುಕುತ್ತದೆ. ಎತ್ತಿದರೆ, ನೋಡಿದ ಊರು ಯಾರ ಕಡೆಗೆ ತಿರುಗುವುದೆಂದು ಹೇಳಬೇಕಾಗಿಲ್ಲ. ನಮ್ಮ ನೆರೆಯವರು ಕಂಡುಹಿಡಿದ ಈ ಉಪಾಯವನ್ನು ನಾವು ಕಲಿಯದೆ, ಅವರು ಮಾಡಿದ ತಪ್ಪನ್ನು ಮಾತ್ರ ಕಲಿಯಬೇಕೆನ್ನುವುದು ಎಂಥ ವಿವೇಕ?

ಕಲ್ಲು ವಿಷಯವನ್ನು ಬದಲಾಯಿಸಿಬಿಡುತ್ತದೆ. ಇದೇ ಅದರ ಮೊದಲ ದೋಷ. ಎರಡನೆಯದು, ಅದು ಯಾರು ಎಸೆದದ್ದೆಂದು ಹೇಳಲು ಬರುವುದಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತೆಂಬ ಗಾದೆ ಮೆರವಣಿಗೆಗಳಲ್ಲಿ ನಿಜವಾಗುವಷ್ಟು ಬೇರೆಲ್ಲಿಯೂ ಆಗದು. ನಮ್ಮ ಕೂಟವನ್ನು ಕೆಡಿಸಬೇಕೆನ್ನುವವನು ನಮ್ಮ ನಡುವೆ ಸೇರಿ ಒಂದು ಕಲ್ಲು ಬೀಸಿದರೆ ಸಾಕು. ಎಲ್ಲರೂ ಕುಳಿತಿರುವ ಸಭೆಯಲ್ಲಿ ನಿಂತು ಎಸೆಯುವವನು ಕೂಡಲೆ ಕಾಣುತ್ತಾನೆ. ಎಲ್ಲರೂ ಓಡಾಡುವ ಗದ್ದಲದಲ್ಲಿ ಅವನು ಕಾಣುವುದಿಲ್ಲ. ಕುಳಿತುಕೊಳ್ಳುವುದೆಂದರೆ ಶರಣಾಗುವುದೆಂದು ನಗುವವರು ಇದನ್ನು ವಿಚಾರಿಸಬೇಕು. ಲಾಠಿಯವರು ಮುಂದೆ ಬಂದಾಗ ಓಡುವ ಗುಂಪಿನಲ್ಲಿ ಬಿದ್ದವನು ತುಳಿತಕ್ಕೆ ಸಿಕ್ಕುತ್ತಾನೆ. ಕುಳಿತ ಗುಂಪಿನಲ್ಲಿ ತುಳಿತವಿಲ್ಲ.

ಆದರೆ ಒಂದು ಮಾತನ್ನು ಬಚ್ಚಿಡಬಾರದು. ಶಾಂತರಾಗಿದ್ದರೆ ಪೆಟ್ಟು ಬೀಳುವುದಿಲ್ಲವೆಂದು ನಾನು ಹೇಳುತ್ತಿಲ್ಲ. 1930ರ ಮೇ 21ರಂದು ಧಾರಾಸಣದ ಉಪ್ಪಿನ ಆಗರದ ಮುಂದೆ ಸುಮಾರು 2,500 ಸ್ವಯಂಸೇವಕರು ನಿಂತಿದ್ದರು. ಗಾಂಧೀಜಿ ಆಗಲೇ ಸೆರೆಯಲ್ಲಿದ್ದರು. ಮುಂದಾಳಾಗಿ ನಿಂತವರು ನಮ್ಮ ಹೈದರಾಬಾದಿನ ಸರೋಜಿನೀ ನಾಯುಡು. ಏಟನ್ನು ತಡೆಯುವುದಕ್ಕೂ ಕೈ ಎತ್ತಕೂಡದೆಂದು ಆಕೆ ವಿಧಿಸಿದರು. ಸಾಲು ಸಾಲಾಗಿ ನಡೆದರು, ಸಾಲು ಸಾಲಾಗಿ ಬಿದ್ದರು. ಬಿದ್ದವರನ್ನು ಎತ್ತಿ ಒಯ್ದ ಮೇಲೆ ಇನ್ನೊಂದು ಸಾಲು ಮುಂದೆ ಬಂದಿತು. ವೆಬ್ ಮಿಲ್ಲರ್ ಎಂಬ ಅಮೆರಿಕದ ವರದಿಗಾರನು ಅಲ್ಲಿ ನಿಂತು ಅದನ್ನು ಕಂಡು ಬರೆದು, ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಆ ದಿನ ಒಂದು ಕಣ ಉಪ್ಪೂ ಅವರ ಕೈಗೆ ಸಿಕ್ಕಲಿಲ್ಲವೆಂಬುದನ್ನು ಮಾತ್ರ ನೋಡುವವರು ಅದನ್ನು ಸೋಲೆನ್ನಬಹುದು. ಒಬ್ಬನಾದರೂ ತಿರುಗಿ ಹೊಡೆದಿದ್ದರೆ ಮಿಲ್ಲರನು ಬರೆಯಬೇಕಾಗಿದ್ದ ಸುದ್ದಿಯೇ ಬೇರೆಯಾಗುತ್ತಿತ್ತು. ಅದಕ್ಕೆ ಎಂಟು ವರ್ಷ ಹಿಂದೆ, 1922ರ ಫೆಬ್ರವರಿ 4ರಂದು, ಚೌರಿಚೌರಾದಲ್ಲಿ ಹಾಗೆಯೇ ಆಗಿತ್ತು. ಅಲ್ಲಿ ಮೊದಲು ಗುಂಡು ಹಾರಿಸಿದವರು ಪೋಲೀಸರೇ. ಆದರೂ ಜನ ಠಾಣೆಗೆ ಬೆಂಕಿಯಿಟ್ಟು ಇಪ್ಪತ್ತಕ್ಕೂ ಹೆಚ್ಚು ಪೋಲೀಸರನ್ನು ಸುಟ್ಟ ಮೇಲೆ ಆ ಗುಂಡನ್ನು ನೆನೆಸಿದವರು ವಿರಳ. ಇಡೀ ದೇಶದ ಅಸಹಕಾರ ಚಳವಳಿ ನಿಂತುಹೋಯಿತು; 19 ಜನ ಗಲ್ಲಿಗೇರಿದರು.

ಪೇಶಾವರದ ಸಂಗತಿ ಇನ್ನೂ ಮನನೀಯವಾದದ್ದು. 1930ರ ಏಪ್ರಿಲ್ 23ರಂದು ಕಿಸ್ಸಾ ಖ್ವಾನಿ ಬಜಾರಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳ ಮೇಲೆ ಗುಂಡು ಹಾರಿತು. ಅವರು ಪಠಾಣರು, ಬಂದೂಕು ಹಿಡಿಯಲು ಬಾರದವರೇನಲ್ಲ. ಹೇಡಿಗಳೆಂದು ಅವರನ್ನು ಕರೆಯುವ ಧೈರ್ಯ ಯಾರಿಗಿದೆ? ಅವರು ಮೈಯೊಡ್ಡಿ ನಿಂತರು. ಅದೇ ಪೇಶಾವರದಲ್ಲಿ ಗಢವಾಲ್ ರೈಫಲ್ಸಿನ ಸಿಪಾಯಿಗಳು, ಚಂದ್ರಸಿಂಹ ಗಢವಾಲಿಯ ಮಾತಿನಂತೆ, ನಿರಾಯುಧರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಸೈನಿಕ ನ್ಯಾಯಾಲಯ ಆತನಿಗೆ ಆಜೀವ ಶಿಕ್ಷೆ ವಿಧಿಸಿತು. ಎದುರಿಗೆ ನಿಂತವನ ಕೈಯಲ್ಲಿ ಕಲ್ಲು ಇದ್ದಿದ್ದರೆ ಆ ಸಿಪಾಯಿಗೆ ತನ್ನ ಮನಸ್ಸಾಕ್ಷಿಯನ್ನು ಕೇಳಿಕೊಳ್ಳುವ ಅವಕಾಶವೇ ಬರುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಲಾಠಿ ಹಿಡಿದು ನಿಲ್ಲುವವನಂತೂ ಪರದೇಶದ ಸೋಲ್ಜರನಲ್ಲ. ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರನಿಗೆ ನಮ್ಮೊಡನೆ ಕೈಮುಗಿದವನು. ಕನ್ನಡ, ತೆಲುಗು, ಉರ್ದು, ಮರಾಠಿಗಳ ಸಂತೆಯಲ್ಲಿ ಬೆಳೆದವನು. ಅವನ ಮಗುವೂ ಒಂದು ಸರಕಾರಿ ಶಾಲೆಗೇ ಹೋಗುತ್ತಿರಬಹುದು. ಅವನೊಡನೆ ಬೈಗುಳದಲ್ಲಿ ಮಾತನಾಡುವ ಮುಂದಾಳು ನಮ್ಮ ಒಬ್ಬ ಸಂಭಾವ್ಯ ಮಿತ್ರನನ್ನು ಕಳೆಯುತ್ತಾನೆ. ಅವನ ಮಾತಿನಲ್ಲಿಯೇ, ತೆಲುಗಿನಲ್ಲಿಯೇ, ಗೌರವದಿಂದ ನಮ್ಮ ಬೇಡಿಕೆಯನ್ನು ತಿಳಿಯಹೇಳಬಲ್ಲ ಒಬ್ಬಿಬ್ಬರು ಮುಂದಿನ ಸಾಲಿನಲ್ಲಿ ಇರಲೇಬೇಕು.

ಇದೆಲ್ಲ ಹುಟ್ಟುಗುಣವೆಂದು ತಿಳಿಯಬಾರದು. ಏಟು ಬಿದ್ದಾಗ ಕೈ ತಾನಾಗಿ ಮೇಲೇಳುತ್ತದೆ. ಅದನ್ನು ತಡೆಯುವುದು ಅಭ್ಯಾಸದಿಂದ ಮಾತ್ರ ಸಾಧ್ಯ. ಅಕ್ಷರಾಭ್ಯಾಸ ಮಾಡಿಸುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜೇಮ್ಸ್ ಲಾಸನ್ ಎಂಬ ನೀಗ್ರೋ ತರುಣ ಪಾದ್ರಿ 1950ರ ದಶಕದಲ್ಲಿ ನಮ್ಮ ನಾಗಪುರದ ಹಿಸ್ಲಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧೀಮಾರ್ಗವನ್ನು ಅಭ್ಯಸಿಸಿ ಸ್ವದೇಶಕ್ಕೆ ಮರಳಿದನು. ನ್ಯಾಶ್‌ವಿಲ್ ಊರಿನಲ್ಲಿ ಕರಿಯರಿಗೆ ಉಪಾಹಾರದ ಕಟ್ಟೆಗಳಲ್ಲಿ ಕುಳಿತು ತಿನ್ನಲು ಬಿಡುತ್ತಿರಲಿಲ್ಲ. ಲಾಸನ್ ಕಾಲೇಜಿನ ಹುಡುಗಹುಡುಗಿಯರನ್ನು ಚರ್ಚಿನಲ್ಲಿ ಕೂಡಿಸಿ ತಿಂಗಳುಗಟ್ಟಲೆ ಪಾಠ ನಡೆಸಿದನು. ಪಾಠವೆಂದರೆ ಭಾಷಣವಲ್ಲ, ನಾಟಕ. ಕೆಲವರು ಪುಂಡರ ಪಾತ್ರ ಹಾಕಿ ಬೈಯುವರು, ಕುರ್ಚಿಯಿಂದ ಕೆಡವುವರು. ಉಳಿದವರು ಉಸಿರೆತ್ತದೆ ಸಹಿಸಬೇಕು. ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಪಕ್ಕದವನಿಗೆ ಏಟು ಬೀಳುವಾಗ ಏನು ಮಾಡಬೇಕು ಎಂಬುದನ್ನೆಲ್ಲ ಮಾಡಿ ನೋಡಿದರು. 1960ರ ಫೆಬ್ರವರಿ 13ರಂದು ಅವರು ಶುಚಿಯಾದ ಬಟ್ಟೆ ತೊಟ್ಟು, ಪುಸ್ತಕ ಹಿಡಿದು, ಕಟ್ಟೆಗಳ ಮುಂದೆ ಕುಳಿತರು. 27ರಂದು ಪುಂಡರು ಮೇಲೆ ಬಿದ್ದರು. ಪೋಲೀಸರು ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರನ್ನು ಹಿಡಿದರು. ಖಾಲಿಯಾದ ಕುರ್ಚಿಗಳ ಮೇಲೆ ಇನ್ನೊಂದು ತಂಡ ಬಂದು ಕುಳಿತಿತು. ಏಪ್ರಿಲಿನಲ್ಲಿ ಅವರ ವಕೀಲನ ಮನೆಗೆ ಬಾಂಬು ಬಿದ್ದ ದಿನ ಸಾವಿರಾರು ಜನ ನಗರಸಭೆಯ ಕಡೆಗೆ ನಡೆದರು. ಘೋಷಣೆಯಿಲ್ಲ, ಹಾಡಿಲ್ಲ, ಹೆಜ್ಜೆಯ ಸಪ್ಪಳ ಮಾತ್ರ. ಮೇ 10ರಂದು ಕಟ್ಟೆಗಳು ತೆರೆದವು. ಲಾಸನ್ ನಾಗಪುರದಿಂದ ಒಯ್ದದ್ದನ್ನು ನಾವು ಅಮೆರಿಕದಿಂದ ಮರಳಿ ತರಿಸಿಕೊಳ್ಳಬೇಕಾಗಿ ಬಂದಿರುವುದು ಸೋಜಿಗ, ಇರಲಿ.

ನಮ್ಮ ನಾಡಿನಲ್ಲಿಯೂ ಇದು ಹೊಸದಲ್ಲ. 1938ರ ಸೆಪ್ಟೆಂಬರಿನಲ್ಲಿ ನಿಜಾಮ ಸರಕಾರ ಸ್ಟೇಟ್ ಕಾಂಗ್ರೆಸ್ಸನ್ನು ಅದು ಹುಟ್ಟುವ ಮೊದಲೇ ನಿಷೇಧಿಸಿತು. ಅಕ್ಟೋಬರ್ 24ರಿಂದ ಸತ್ಯಾಗ್ರಹಿಗಳು ತಂಡ ತಂಡವಾಗಿ ಮುಂದೆ ಬಂದು ತಾವಾಗಿ ಸೆರೆಯಾದರು. ಅವರಲ್ಲಿ ಮುಖ್ಯರು ಸ್ವಾಮಿ ರಮಾನಂದ ತೀರ್ಥರು. ಹುಟ್ಟಿದ್ದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಕಸುಬಿನಿಂದ ಉಪಾಧ್ಯಾಯರು, ಹಿಪ್ಪರಗಿ ಅಂಬಾಜೋಗಾಯಿಗಳ ಶಾಲೆಗಳನ್ನು ನಡೆಸಿದವರು. ಅದೇ ಕಾಲದಲ್ಲಿ ಮತೀಯ ಬಣ್ಣದ ಬೇರೊಂದು ಸತ್ಯಾಗ್ರಹವೂ ನಡೆಯುತ್ತಿದ್ದುದರಿಂದ ಎರಡೂ ಬೆರೆತುಹೋಗಬಾರದೆಂದು, ಗಾಂಧೀಜಿಯ ಸಲಹೆಯಂತೆ, ಡಿಸೆಂಬರಿನಲ್ಲಿ ಇದನ್ನು ನಿಲ್ಲಿಸಲಾಯಿತು. ಏರಿದ ಬಿಸಿಯಲ್ಲಿ ಚಳವಳಿ ನಿಲ್ಲಿಸುವುದಕ್ಕೆ ಆರಂಭಿಸುವುದಕ್ಕಿಂತ ಹೆಚ್ಚಿನ ಎದೆ ಬೇಕು. 1947-48ರಲ್ಲಿ ಗಡಿಶಿಬಿರಗಳು ಶಸ್ತ್ರ ಹಿಡಿದುವಲ್ಲ ಎಂದು ಯಾರಾದರೂ ನೆನಪಿಸಬಹುದು. ಹೌದು, ಹಿಡಿದುವು. ಎದುರಿಗಿದ್ದವರು ರಜಾಕಾರರು, ಅಲ್ಲಿ ನ್ಯಾಯಾಲಯವಿರಲಿಲ್ಲ, ಮತಪೆಟ್ಟಿಗೆಯಿರಲಿಲ್ಲ. ಇಂದಿನ ತಹಸೀಲು ಕಚೇರಿಯ ಮುಂದಿನ ಕಾನ್‌ಸ್ಟೇಬಲನನ್ನು ಅವರಿಗೆ ಹೋಲಿಸುವುದು ಇತಿಹಾಸಕ್ಕೂ ಅನ್ಯಾಯ, ಕಾನ್‌ಸ್ಟೇಬಲನಿಗೂ ಅನ್ಯಾಯ.

ಈಗ ಮಕ್ಕಳ ವಿಷಯ. ಶಾಲೆಯ ಪ್ರಶ್ನೆಯಾದುದರಿಂದ ಶಾಲೆಯ ಮಕ್ಕಳನ್ನೇ ಮುಂದೆ ನಿಲ್ಲಿಸೋಣ, ಪೋಲೀಸರು ಹೊಡೆಯಲಾರರು ಎಂದು ಹೇಳುವವರಿದ್ದಾರೆ. ಇದನ್ನು ನಾನು ಸರ್ವಥಾ ವಿರೋಧಿಸುತ್ತೇನೆ. 1952ರ ಸೆಪ್ಟೆಂಬರಿನಲ್ಲಿ, ನಾವೂ ಹೈದರಾಬಾದು ಸಂಸ್ಥಾನದಲ್ಲಿದ್ದಾಗಲೇ, ಮುಲ್ಕಿ ಚಳವಳಿಯಲ್ಲಿ ಸಿಟಿ ಕಾಲೇಜಿನ ಬಳಿ ಗೋಲಿಬಾರಾಗಿ ಎಳೆಯ ಜೀವಗಳು ಹೋದವು. 1956ರಲ್ಲಿ ಕಾಸರಗೋಡಿನ ಕನ್ನಡ ಚಳವಳಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಪೋಲೀಸರ ಗುಂಡಿಗೆ ಬಲಿಯಾದರು. 1967ರಲ್ಲಿ ಮಹಾಜನ ಆಯೋಗ ಕಾಸರಗೋಡು ಮೈಸೂರಿಗೆ ಸೇರಲೆಂದು ಬರೆಯಿತು, ಅದು ಸೇರಲಿಲ್ಲ. ಆ ಇಬ್ಬರ ತಾಯಂದಿರಿಗೆ ಆಯೋಗದ ವರದಿಯಿಂದ ಏನು ಬಂದಿತು? 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಕರಿಯ ಮಕ್ಕಳು ಪೋಲೀಸ್ ನಾಯಿಗಳ ಮುಂದೆ, ನೀರಿನ ಕೊಳವೆಗಳ ಮುಂದೆ ನಡೆದು ಗೆದ್ದರಲ್ಲ ಎಂಬುದೂ ಒಂದು ಆಕ್ಷೇಪ. ಗೆದ್ದರು. ಅವರಿಗೆ ಮೊದಲು ತರಬೇತಿಯಾಗಿತ್ತು. ಹಾಗಿದ್ದರೂ ಅಲ್ಲಿಯ ಮುಂದಾಳುಗಳಲ್ಲೇ ಅದು ಸರಿಯೇ ಎಂಬ ತರ್ಕ ಎದ್ದಿತು. ತರಬೇತಿಯ ಹೆಸರನ್ನೇ ಎತ್ತದ ನಮ್ಮವರಿಗೆ ಆ ಉದಾಹರಣೆ ಕೊಡುವ ಅಧಿಕಾರವಿಲ್ಲ. ಗುರುವನ್ನು ನಂಬಿ ಬಂದ ಹುಡುಗ ತನ್ನ ಬುದ್ಧಿಯಿಂದ ಒಪ್ಪಿಗೆ ಕೊಟ್ಟನೆಂದು ಹೇಗೆ ಹೇಳುವುದು? 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಹೊರದೂಡಲ್ಪಟ್ಟವರು, ನಾಗಪುರಕ್ಕೆ ಹೋಗಿ ಓದು ಮುಗಿಸಿದವರು, ಪ್ರಾಯಕ್ಕೆ ಬಂದವರಾಗಿದ್ದರು, ಪರಿಣಾಮವನ್ನು ಬಲ್ಲವರಾಗಿದ್ದರು. ಹದಿನೆಂಟು ತುಂಬದವರನ್ನು ಪೋಲೀಸ್ ಲಾಕಪ್ಪಿನಲ್ಲಿ ಇಡಕೂಡದೆಂದು 2015ರ ಬಾಲನ್ಯಾಯ ಶಾಸನ ಹೇಳುತ್ತದೆ. ಆದರೆ ಲಾಠಿ ಬೀಸುವಾಗ ಯಾರೂ ಜನನಪತ್ರ ಕೇಳುವುದಿಲ್ಲ. ವಿದ್ಯಾರ್ಥಿಗಳು ಬರೆಯಲಿ, ಸಹಿ ಸಂಗ್ರಹಿಸಲಿ, ಫಲಕ ಬರೆದುಕೊಡಲಿ, ಸಭೆಯಲ್ಲಿ ಪದ್ಯ ಓದಲಿ. ಪೋಲೀಸರ ಸಾಲಿನ ಮುಂದೆ ನಿಲ್ಲುವವರು ಅವರ ತಂದೆತಾಯಿಗಳು, ನಾವು.

'ನಾವು' ಎಂದೊಡನೆ ಅಧ್ಯಾಪಕರಲ್ಲಿ ಕೆಲವರು ಹಿಂದಕ್ಕೆ ಸರಿಯುತ್ತಾರೆ. ಇವರು ಇನ್ನೊಂದು ಪಕ್ಷ. ಇವರನ್ನು ಮನವಿವೀರರೆಂದು ಕರೆಯಬಹುದು. ಕಲ್ಲಿನವರಿಗಿಂತ ಇವರಿಂದ ಆಗುವ ಕೇಡು ಕಡಿಮೆಯೇನಲ್ಲ, ಏಕೆಂದರೆ ಇವರ ಮೌನ ನೋಡಿಯೇ ಹುಡುಗರ ಕೈಗೆ ಕಲ್ಲು ಬರುತ್ತದೆ. ಸರಕಾರಿ ನೌಕರನು ಯಾವ ಬಗೆಯ ಪ್ರದರ್ಶನಕ್ಕೂ ಸೇರಕೂಡದೆಂಬ ಬಿಹಾರದ ನಿಯಮವನ್ನು 1962ರಲ್ಲಿಯೇ ಕಾಮೇಶ್ವರ ಪ್ರಸಾದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದೆ. ಮುಷ್ಕರ ಹೂಡುವುದು ಮೂಲಭೂತ ಹಕ್ಕಲ್ಲವೆಂದು ಅದೇ ತೀರ್ಪು ಹೇಳಿತು; ಶಾಂತ ಪ್ರದರ್ಶನ ಅಭಿವ್ಯಕ್ತಿಯ ಒಂದು ರೂಪವೆಂದೂ ಹೇಳಿತು. ಆದ್ದರಿಂದ ಪಾಠದ ವೇಳೆಯನ್ನು ಮುಟ್ಟದೆ, ಭಾನುವಾರ ಒಂದು ಫಲಕ ಹಿಡಿದು ನಿಂತರೆ ಆಕಾಶ ಕಳಚಿ ಬೀಳುವುದಿಲ್ಲ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ಶಾಲೆಯ ಮಾಸ್ತರರಾಗಿದ್ದುಕೊಂಡೇ ನಾಡಿನ ಚಳವಳಿಗೆ ದನಿಯಾದವರು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕಾಗದದ ಕೆಲಸ ಪೂರ್ತಿಯಾಗಬೇಕು. ಸೋಮವಾರ ಕಲೆಕ್ಟರ ಕಚೇರಿಯಲ್ಲಿ ನಡೆಯುವ ಪ್ರಜಾವಾಣಿಯಲ್ಲಿ (ಹೆಸರು ಕೇಳಿ ನಮ್ಮ ಪತ್ರಿಕೆಯೆಂದು ಭ್ರಮಿಸಬೇಡಿ) ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. 2005ರ ಮಾಹಿತಿ ಹಕ್ಕಿನಂತೆ ಖಾಲಿ ಹುದ್ದೆಗಳ ಲೆಕ್ಕ ಕೇಳಬೇಕು, ಮೂವತ್ತು ದಿನ ಕಾಯಬೇಕು. ಆಮೇಲೆ ಬೀದಿ. ಬೀದಿಗಿಳಿಯುವ ಮುನ್ನ ದಿನ, ವೇಳೆ, ದಾರಿ, ಹೊಣೆಗಾರರ ಹೆಸರು ಠಾಣೆಗೆ ಬರವಣಿಗೆಯಲ್ಲಿ ಹೋಗಬೇಕು; ಬಚ್ಚಿಡುವುದಕ್ಕೆ ನಮ್ಮಲ್ಲಿ ಏನಿದೆ? ಹತ್ತು ಜನಕ್ಕೊಬ್ಬ ಸ್ವಯಂಸೇವಕ, ಅವನ ತೋಳಿಗೆ ಪಟ್ಟಿ. ಪಟ್ಟಿಯವನ ಮಾತೇ ಮಾತು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳುವುದು, ಏಳಿ ಎಂದರೆ ಏಳುವುದು. ಅಲ್ಲಿ ಚರ್ಚೆಯಿಲ್ಲ, ಚರ್ಚೆಗೆ ಹಿಂದಿನ ದಿನವಿತ್ತು. ಕಲ್ಲೆತ್ತಿದವನನ್ನು ಹೊಡೆಯಕೂಡದು; ಸುತ್ತುವರಿದು ಕುಳಿತು ಅವನನ್ನು ಒಂಟಿಯಾಗಿ ಕಾಣಿಸಿಬಿಡಬೇಕು. ಆಂಬುಲೆನ್ಸಿಗೆ, ಪರೀಕ್ಷೆಗೆ ಹೋಗುವವರಿಗೆ ದಾರಿ ಬಿಡಬೇಕು. ಫೋನಿನಲ್ಲಿ ಚಿತ್ರ ತೆಗೆಯಲು ಇಬ್ಬರನ್ನು ಮಾತ್ರ ನೇಮಿಸಬೇಕು. ಎಲ್ಲರೂ ಫೋನು ಎತ್ತಿದರೆ ಅದು ಸತ್ಯಾಗ್ರಹವಲ್ಲ, ಮದುವೆಮನೆ.

ನಿಷೇಧಾಜ್ಞೆಯ ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಿಂದೆ 144 ಎನ್ನುತ್ತಿದ್ದುದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಾಗಿದೆ. ಅದು ಜಾರಿಯಾದರೆ ಎರಡೇ ದಾರಿ: ಆ ದಿನ ಬಿಟ್ಟು ಬೇರೆ ದಿನ ಕೂಡುವುದು, ಇಲ್ಲವೆ ಹೆಸರು ಕೊಟ್ಟ ಪ್ರಾಯದವರು ಮಾತ್ರ ಬಹಿರಂಗವಾಗಿ ಅದನ್ನು ಮೀರಿ ಸೆರೆಯಾಗುವುದು. ಗೊತ್ತಿಲ್ಲದೆ ಆಜ್ಞೆ ಮುರಿದು, ಗೊತ್ತಾದ ಮೇಲೆ ಓಡಿಹೋಗುವುದು ಸತ್ಯಾಗ್ರಹವಲ್ಲ. ಸೆರೆಯಾದವನು ಕಾರಣ ಕೇಳಲಿ, ವಕೀಲನನ್ನು ಕೇಳಲಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟನ ಮುಂದೆ ಒಯ್ಯಬೇಕೆಂಬುದು ಸಂವಿಧಾನದ 22ನೆಯ ವಿಧಿ. ಸೂರ್ಯಾಸ್ತದ ಮೇಲೆ ಸ್ತ್ರೀಯರನ್ನು ಅಪರೂಪದ ಸಂದರ್ಭದಲ್ಲಿ ಹೊರತು ಬಂಧಿಸುವಂತಿಲ್ಲ. ಆದ್ದರಿಂದ ಕೂಟವನ್ನು ಹಗಲಿನಲ್ಲಿಯೇ ಮುಗಿಸುವುದು ನಮ್ಮ ಕರ್ತವ್ಯ. ಯಾರು ಸೆರೆಯಾದರು, ಎಷ್ಟು ಹೊತ್ತಿಗೆ, ಯಾವ ಠಾಣೆಗೆ ಎಂದು ಬರೆದಿಡುವವನೊಬ್ಬನು ಮನೆಯಲ್ಲಿಯೇ ಕುಳಿತಿರಬೇಕು. ಆ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ, ಆದರೆ ಅವನಿಲ್ಲದೆ ಮೆರವಣಿಗೆ ಹೊರಡಕೂಡದು.

ಇದಕ್ಕೆ ತರಬೇತಿ ಬೇಕು. ನಮ್ಮ ಸಂಘ ಮುಂದೆ ಯಾವುದೇ ಮೆರವಣಿಗೆಯನ್ನು ಗೊತ್ತುಪಡಿಸುವ ಮೊದಲು ಎರಡು ಭಾನುವಾರ ಮುಂಜಾನೆ ಯಾವುದಾದರೂ ಶಾಲೆಯ ಬಯಲಿನಲ್ಲಿ ಲಾಸನ್ ನಡೆಸಿದಂಥ ಅಭ್ಯಾಸ ನಡೆಯಲಿ. ನಮ್ಮಲ್ಲಿ ಬಯಲಾಟದ ಪಾತ್ರಧಾರಿಗಳಿಗೆ ಬರವಿಲ್ಲ. ಪೋಲೀಸರ ವೇಷಕ್ಕೆ ಜನ ಸಿಕ್ಕುತ್ತಾರೆ. ಕಲ್ಲಿನ ಪಕ್ಷದವರನ್ನೂ ನಾನು ಹೆಸರಿಟ್ಟು ಕರೆಯುತ್ತೇನೆ, ಅವರೇ ಆ ವೇಷ ಹಾಕಲಿ. ಎರಡು ಭಾನುವಾರ ಬಾರದವನು, ಎಷ್ಟೇ ದೊಡ್ಡ ಕನ್ನಡಾಭಿಮಾನಿಯಾಗಿರಲಿ, ಮೂರನೆಯ ಭಾನುವಾರ ಫಲಕ ಹಿಡಿಯಕೂಡದು ಎಂದು ಕಾರ್ಯಕಾರಿ ಸಮಿತಿ ನಿರ್ಣಯ ಮಾಡಬೇಕೆಂದು ಈ ಮೂಲಕ ಸೂಚಿಸುತ್ತೇನೆ. ಅನುಮೋದಿಸುವವರು ಮುಂದಿನ ಸಂಚಿಕೆಗೆ ಬರೆಯಲಿ. ವಿರೋಧಿಸುವವರು ಅವಶ್ಯವಾಗಿ ಬರೆಯಲಿ.